ಸದನಕ್ಕೆ ಪ್ರಶ್ನೆ ಬರೆಯುವ ವಾಡಿಯ ವಿಜಯಶ್ರೀ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿರುವ ಕಲ್ಲುಬೆಂಚಿನ ಮೇಲೆ ವಿಜಯಶ್ರೀ ಕುಳಿತಿದ್ದಾರೆ. ಸೇಡಂ ಕಡೆಗೆ ಹೋಗುವ ಪ್ಯಾಸೆಂಜರ್ ಬರಲು ಹೊತ್ತಿದೆ. ಎದುರಿಗೆ ಕುಕ್ಕರಗಾಲಲ್ಲಿ ಕುಳಿತ ಹಮಾಲಿ ಬಂದೇಅಲಿ ತನ್ನ ಓಣಿಯ ಕೊಳವೆಬಾವಿಯ ನೀರಿನ ಸಂಗತಿ ಹೇಳುತ್ತಿದ್ದಾನೆ. ಕಾಸಿದರೆ ಪಾತ್ರೆಯ ತಳದಲ್ಲಿ ಸುಣ್ಣದಂಥ ಬಿಳಿ ಪೊರೆ ಕೂರುತ್ತದೆ, ಕುಡಿದವರಿಗೆ ಮೊಣಕಾಲು ಹಿಡಿಯುತ್ತದೆ, ಬೇರೆ ನೀರು ಇಲ್ಲ. ವಿಜಯಶ್ರೀ ನಡುವೆ ಬಾಯಿ ಹಾಕುವುದಿಲ್ಲ. ಅವನು ಹೇಳಿ ಮುಗಿಸಿದ ಮೇಲೆ ಎಲ್ಲವನ್ನೂ ತಾವೇ ಒಮ್ಮೆ ತಿರುಗಿಸಿ ಹೇಳಿ, 'ಹಿಂಗೇ ಅಲ್ಲೇನು?' ಎಂದು ಕೇಳುತ್ತಾರೆ. ಅವನು ಹೂಂ ಎಂದ ಮೇಲೆಯೇ ಆ ಮಾತು ಅವರ ಜೊತೆ ರೈಲು ಹತ್ತುತ್ತದೆ.

ಕೂಲಿಗೆ ಹೋಗುವವರಿಗೆ ಹಗಲು ಹೊತ್ತು ಕಚೇರಿ ಮೆಟ್ಟಿಲು ಹತ್ತುವುದು ಆಗದ ಮಾತು. ಹಾಗಾಗಿ ಈ ಬೆಂಚೇ ಅವರ ಪಾಲಿನ ಕಚೇರಿ. ಇಲ್ಲಿ ಕೇಳಿದ್ದನ್ನು ವಿಜಯಶ್ರೀ ಸೇಡಂನಲ್ಲಿರುವ ವಿಧಾನ ಪರಿಷತ್ ಸದಸ್ಯರೊಬ್ಬರ ಕಚೇರಿಯಲ್ಲಿ ಕುಳಿತು ಪ್ರಶ್ನೆಯಾಗಿ ತಿದ್ದುತ್ತಾರೆ. ಬಂದೇಅಲಿಯ ಮೊಣಕಾಲು ನೋವು ಸಂಜೆಯೊಳಗೆ 'ಕುಡಿಯುವ ನೀರಿನಲ್ಲಿ ಲವಣಾಂಶ ಹೆಚ್ಚಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು' ಎಂದಾಗುತ್ತದೆ. ಸದಸ್ಯರು ಸಹಿ ಹಾಕುತ್ತಾರೆ. ಕಾಗದ ಬೆಂಗಳೂರಿಗೆ ಹೋಗಿ, ಅಧಿವೇಶನದ ಹೊತ್ತಿಗೆ ಸಚಿವರ ಲಿಖಿತ ಉತ್ತರ ಹೊತ್ತು ಮರಳಿ ಬರುತ್ತದೆ. ಮೇಲೆ ಸದಸ್ಯರ ಹೆಸರು, ಕೆಳಗೆ ಸಚಿವರ ಹೆಸರು. ಬರೆದಾಕೆಯ ಹೆಸರು ಎಲ್ಲಿಯೂ ಇರುವುದಿಲ್ಲ. ಸದನದಲ್ಲಿ ಎದ್ದು ನಿಂತು ಉತ್ತರಿಸುವ ಪ್ರಶ್ನೆಗಳಿಗೆ ಚುಕ್ಕೆ ಗುರುತು ಇರುತ್ತದೆ, ಟಿ.ವಿ.ಯವರು ಅವನ್ನೇ ತೋರಿಸುತ್ತಾರೆ. ವಿಜಯಶ್ರೀ ಬರೆಯುವವು ಬಹುಪಾಲು ಚುಕ್ಕೆ ಗುರುತಿಲ್ಲದವು.

ಅವರಿಗೀಗ ಐವತ್ತಮೂರು. ತಂದೆ ವಾಸುದೇವರಾವ್ ವಾಡಿಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಮಗಳನ್ನು ಶಹಾಬಾದಿನ ಟೈಪಿಂಗ್ ಕ್ಲಾಸಿಗೆ ಹಾಕಿದ್ದರು. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ಕಾಮಾಲೆಯಿಂದ ತೀರಿಕೊಂಡಾಗ ಅವರ ಕೈಯಲ್ಲಿ ಉಳಿದದ್ದು ಆ ಕಲಿಕೆಯೊಂದೇ. ಬಹಳ ವರ್ಷ ಚಿತ್ತಾಪುರದ ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ವಕೀಲರ ತಕರಾರು ಅರ್ಜಿ ಟೈಪು ಮಾಡಿದರು. ಅಲ್ಲಿಂದ ಈ ಕಚೇರಿ. ಇಲ್ಲಿಯೂ ಕಾಯಂ ಹುದ್ದೆಯೇನಲ್ಲ. ಸದಸ್ಯರ ಅವಧಿ ಮುಗಿದರೆ ಇವರ ಕೆಲಸವೂ ಮುಗಿಯಿತು, ಮತ್ತೆ ಬೇವಿನ ಮರ.

'ಪ್ರಶ್ನೆ ಬರೆಯೋದು ಅಷ್ಟೇನೂ ತ್ರಾಸಿನ ಕೆಲಸ ಅಲ್ರಿ,' ಎನ್ನುತ್ತಾರೆ ಅವರು. 'ಉತ್ತರ ಬಂದ ಮ್ಯಾಲ ಅದನ್ನ ಓದಿ ಹೇಳೋದು ಅದ ನೋಡ್ರಿ, ಅದು ಭಾಳ ತ್ರಾಸು.'

ಓದಿ ಹೇಳಬೇಕೆಂದು ಅವರಿಗೆ ಯಾರೂ ಅಪ್ಪಣೆ ಮಾಡಿಲ್ಲ. ಕಚೇರಿಗೆ ಉತ್ತರ ಬಂದರೆ ಕಪಾಟಿಗೆ ಸೇರಿಸಿದರೆ ಸಾಕು. ಆದರೆ ದೂರು ಕೇಳಿಸಿಕೊಂಡಾಕೆ ತಾನಾದ್ದರಿಂದ ಉತ್ತರ ಮುಟ್ಟಿಸುವುದೂ ತನ್ನದೇ ಎಂದು ಅವರು ತಿಳಿದಿದ್ದಾರೆ. ಇದಕ್ಕಾಗಿ ಕುಂಚಾವರಂ ಕಾಡಿನ ಅಂಚಿನ ತಾಂಡಾಗಳವರೆಗೂ ಹೋಗಿ ಬಂದಿದ್ದಾರೆ. ಸೇಡಂನಿಂದ ಚಿಂಚೋಳಿಗೆ ಒಂದು ಬಸ್ಸು, ಚಂದಾಪುರದಲ್ಲಿ ಇಳಿದು ಇನ್ನೊಂದು, ಮುಂದೆ ಸಿಕ್ಕ ಟಂಟಂ ಆಟೋ. ಅಲ್ಲಿಗೆ ಹೋಗಿ ಓದುವ ಉತ್ತರ ಹೆಚ್ಚಾಗಿ 'ಪರಿಶೀಲನೆಯಲ್ಲಿದೆ' ಎಂಬ ಒಂದು ಪದ.

ಅದಕ್ಕಿಂತ ಕೆಟ್ಟ ಪದ ಇನ್ನೊಂದಿದೆ. ಅದು ಅವರ ಎದೆಗೆ ತಾಕಿದ್ದು ಎರಡು ವರ್ಷದ ಹಿಂದೆ.

ಶ್ರಾವಣದ ಒಂದು ಬೆಳಗ್ಗೆ ಅಣವೀರ ಮತ್ತು ಭಾಗಮ್ಮ ಆ ಬೆಂಚಿನ ಹತ್ತಿರ ಬಂದು ನಿಂತರು. ರಾವೂರಿನ ಆಚೆ ಒಂದು ವಸ್ತಿಯವರು. ಅಣವೀರ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಚಪ್ಪಡಿ ಎಬ್ಬಿಸುವ ಕೆಲಸದವನು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಅವರಿಗೆ ಒಬ್ಬಳೇ ಮಗಳು, ಐದನೆಯ ಇಯತ್ತೆ. ಅಂಗನವಾಡಿಯ ಟೀಚರ್ ಇಟ್ಟ ಹೆಸರು ಶಿವರಂಜನಿ. ವಸ್ತಿಯ ಪಕ್ಕದಲ್ಲೇ ಕಲ್ಲು ತೀರಿದ ಮೇಲೆ ಬಿಟ್ಟುಹೋದ ಹಳೆಯ ಗಣಿಯೊಂದಿದೆ. ಮಳೆಗಾಲದಲ್ಲಿ ಅದರ ತುಂಬ ನೀರು ನಿಲ್ಲುತ್ತದೆ, ತಿಳಿಯಾದ ಹಸಿರು ನೀರು. ನಲ್ಲಿಯಲ್ಲಿ ನೀರು ಬಾರದ ದಿನ ಊರಿನ ಹೆಂಗಸರೆಲ್ಲ ಅಲ್ಲಿಯೇ ಬಟ್ಟೆ ಒಗೆಯುತ್ತಾರೆ. ಶನಿವಾರ ಶಾಲೆ ಬೇಗ ಬಿಟ್ಟಿತ್ತು. ತಾಯಿ ಕೂಲಿಯಿಂದ ಬರುವಷ್ಟರಲ್ಲಿ ಒಗೆದಿಡೋಣ ಎಂದು ಹುಡುಗಿ ಬಟ್ಟೆಗಂಟು ಹೊತ್ತು ಹೋದಳು. ಕೆರೆಯಾದರೆ ದಂಡೆ ಇಳಿಜಾರಾಗಿರುತ್ತದೆ. ಗಣಿಗೆ ದಂಡೆಯಿಲ್ಲ, ಗೋಡೆ ಕಡಿದಂತೆ ನೇರ ಆಳ. ಪಾಚಿಗಟ್ಟಿದ ಕಲ್ಲು ಜಾರಿತು. ಬಟ್ಟೆಗಳು ತೇಲುತ್ತಿದ್ದವು. ಹುಡುಗಿ ಸಿಕ್ಕಿದ್ದು ಮರುದಿನ.

ಅವರು ಪರಿಹಾರ ಕೇಳಲು ಬಂದಿರಲಿಲ್ಲ. ಆ ಗಣಿಗೆ ಸುತ್ತ ಬೇಲಿ ಇಲ್ಲ, ಒಂದು ಬೋರ್ಡೂ ಇಲ್ಲ, ವಸ್ತಿಯಲ್ಲಿ ಇನ್ನೂ ಮಕ್ಕಳಿದ್ದಾರೆ ಎಂದಷ್ಟೇ ಹೇಳಿದರು. ಅವತ್ತು ರೈಲು ಬಂದು ನಿಂತರೂ ವಿಜಯಶ್ರೀ ಹತ್ತಲಿಲ್ಲ.

ಪ್ರಶ್ನೆಗೆ ಅದರದೇ ಕಟ್ಟಳೆಗಳಿವೆ. ವ್ಯಕ್ತಿಯ ಹೆಸರು ಬರುವಂತಿಲ್ಲ, ಒಬ್ಬರ ಮನೆಯ ಸಂಗತಿ ಎನ್ನಿಸುವಂತಿಲ್ಲ. ಹಾಗಾಗಿ ಶಿವರಂಜನಿ 'ಸಾರ್ವಜನಿಕರು' ಆದಳು. 'ಸ್ಥಗಿತಗೊಂಡ ಕಲ್ಲುಗಣಿಗಳಲ್ಲಿ ನೀರು ನಿಂತು ಸಾರ್ವಜನಿಕರು ಮೃತಪಡುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. ಬಂದಿದ್ದಲ್ಲಿ, ಇಂತಹ ಗಣಿಗಳ ಸುತ್ತ ತಡೆಬೇಲಿ ನಿರ್ಮಿಸಲು ಕೈಗೊಂಡ ಕ್ರಮಗಳೇನು. ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು?' ಮರುವಾರ ಅಣವೀರನಿಗೆ ಓದಿ ಹೇಳಿದಾಗ ಅವನು ಇನ್ನೊಮ್ಮೆ ಓದಿಸಿಕೊಂಡ.

'ಇದರಾಗ ನಮ್ಮ ಕೂಸಿನ ಹೆಸರು ಎಲ್ಲದರಿ ಅಕ್ಕೋರ?'

ಹೆಸರು ಹಾಕಿದರೆ ಪ್ರಶ್ನೆಯನ್ನೇ ತಿರಸ್ಕರಿಸುತ್ತಾರೆಂದು ಅವರು ವಿವರಿಸಿದರು. ಅಣವೀರ 'ಹೆಸರೇ ಇಲ್ಲಂದ್ರ ಯಾರು ಸತ್ತಾರಂತ ಹುಡುಕ್ತಾರ್ರಿ ಅವರು?' ಎಂದು ಕೇಳಿ ಕೆಲಸಕ್ಕೆ ಹೋದ.

ಚಳಿಗಾಲದ ಅಧಿವೇಶನದಲ್ಲಿ ಉತ್ತರ ಬಂತು. ಗಮನಕ್ಕೆ ಬಂದಿದೆಯೇ ಎಂಬುದರ ಎದುರಿಗೆ, 'ಬಂದಿರುವುದಿಲ್ಲ.' ಉಳಿದೆರಡರ ಎದುರಿಗೆ, 'ಉದ್ಭವಿಸುವುದಿಲ್ಲ.'

ವಿಜಯಶ್ರೀ ಆ ಹಾಳೆ ಹಿಡಿದು ವಸ್ತಿಗೆ ಹೋದರು. ಭಾಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಣವೀರ ಮನೆಯಲ್ಲೇ ಇದ್ದ. ಗಣಿಗಳ ಬಗ್ಗೆ ಸದನಕ್ಕೆ ಪ್ರಶ್ನೆ ಹೋಗಿದೆ, ಹಿಂದೆ ಇವನಿದ್ದಾನೆ ಎಂದು ಹೇಗೋ ಗೊತ್ತಾಗಿ ಸುತ್ತಲಿನ ಗಣಿಯವರು ಅವನನ್ನು ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದ್ದರು. ಅದು ವಿಜಯಶ್ರೀಗೆ ಗೊತ್ತಾದದ್ದು ಅವತ್ತೇ. 'ಪ್ರಶ್ನೆ ಕೇಳಿದವ್ರು ನಾವು, ಕೂಲಿ ಹೋಗಿದ್ದು ಅವನದು,' ಎಂದು ಈಗಲೂ ಅವರು ನೆಲ ನೋಡಿಕೊಂಡೇ ಹೇಳುತ್ತಾರೆ. ಮುಂದಿನ ತಿಂಗಳು ಅವನು ಕಲ್ಲು ಒಡೆಯಲು ಗಡಿಯಾಚೆಯ ತಾಂಡೂರಿಗೆ ಹೋದ. ಅಂದಿನಿಂದ ಹಬ್ಬಕ್ಕಷ್ಟೇ ಊರು.

ಉತ್ತರ ಓದಿದ ಮೇಲೆ ಭಾಗಮ್ಮ ಆ ಕೊನೆಯ ಪದಕ್ಕೆ ಏನರ್ಥವೆಂದು ಕೇಳಿದಳು. ಸತ್ತವರೇ ಇಲ್ಲವೆಂದ ಮೇಲೆ ಬೇಲಿಯ ಮಾತೇ ಬರುವುದಿಲ್ಲ ಎಂಬ ಅರ್ಥ ಎಂದು ವಿಜಯಶ್ರೀ ಹೇಳಬೇಕಾಯಿತು. ತಾಯಿ ಅಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

'ಪೊಲೀಸರು ಬಂದು ಪಂಚನಾಮಿ ಬರಕೊಂಡು ಹೋದರಲ್ರಿ. ನನ್ನ ಹೆಬ್ಬಟ್ಟು ಒತ್ತಿಸಿಕೊಂಡಾರ. ಅವರು ಬ್ಯಾರೆ ಸರ್ಕಾರದವರೇನ್ರಿ?'

ವಾಡಿಗೆ ಮರಳುವ ದಾರಿಯುದ್ದಕ್ಕೂ ಈ ಮಾತು ವಿಜಯಶ್ರೀಯವರನ್ನು ಬಿಡಲಿಲ್ಲ. ಗಣಿ ನೋಡಿಕೊಳ್ಳುವ ಖಾತೆಗೆ ಗೊತ್ತಿಲ್ಲದಿದ್ದರೆ ಪೊಲೀಸರ ಖಾತೆಗೆ ಗೊತ್ತಿರಲೇಬೇಕು. ಮುಂದಿನ ಅಧಿವೇಶನಕ್ಕೆ ಅವರು ಒಳಾಡಳಿತ ಸಚಿವರಿಗೆ ಪ್ರಶ್ನೆ ಬರೆದರು. ಚಿತ್ತಾಪುರ, ಶಹಾಬಾದ, ಸೇಡಂ, ಚಿಂಚೋಳಿ ತಾಲ್ಲೂಕುಗಳಲ್ಲಿ ಬಿಟ್ಟುಹೋದ ಗಣಿಗಳ ನೀರಿನಲ್ಲಿ ಮುಳುಗಿ ಸತ್ತವರ ಬಗ್ಗೆ ಐದು ವರ್ಷಗಳಲ್ಲಿ ದಾಖಲಾದ ಪ್ರಕರಣಗಳೆಷ್ಟು ಎಂಬುದಷ್ಟೇ ಅದರಲ್ಲಿತ್ತು. ಸರ್ಕಾರದ ಗಮನದ ಮಾತನ್ನು ಬೇಕೆಂದೇ ಬಿಟ್ಟಿದ್ದರು.

ಆ ಕಾಗದ ಇನ್ನೂ ಸಹಿಗೆ ಕಾದಿದ್ದಾಗ ಕಚೇರಿಗೆ ಒಬ್ಬರು ಬಂದರು. ಗಣಿ ಗುತ್ತಿಗೆದಾರರ ಕಡೆಯವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ದನಿ ಏರಿಸಲಿಲ್ಲ, ಚಹಾ ಕುಡಿದರು. ಹೊರಡುವಾಗ, ಅಕ್ಕೋರು ನಸುಕಿನಲ್ಲಿ ಒಬ್ಬರೇ ಸ್ಟೇಷನ್ನಿನಲ್ಲಿ ಕೂರುತ್ತಾರಂತೆ, ಕಾಲ ಚಲೋ ಇಲ್ಲ, ಜಾಗ್ರತೆ ಇರಲಿ ಎಂದು ಹೇಳಿ ಹೋದರು. ಮರುದಿನದಿಂದ ಒಂದು ವಾರ ವಿಜಯಶ್ರೀ ಬೆಂಚಿನ ಕಡೆ ಹೋಗಲಿಲ್ಲ. ರೈಲು ಬರುವವರೆಗೆ ಟಿಕೆಟ್ ಕಿಟಕಿಯ ಹತ್ತಿರ ಜನರ ನಡುವೆ ನಿಂತರು. 'ಹೆದರಿದ್ದೆ. ಖರೆ ಹೇಳ್ತೀನ್ರಿ, ಭಾಳ ಹೆದರಿದ್ದೆ,' ಎನ್ನುತ್ತಾರೆ. ಬೆಂಚಿಗೆ ಮರಳಿದ್ದು ಬಂದೇಅಲಿಯಿಂದಾಗಿ. ರೈಲು ಬರುವವರೆಗೆ ತಾನು ಎದುರಿಗೇ ಕೂರುತ್ತೇನೆ, ಬರ್ರಿ ಎಂದು ಅವನು ಕರೆದೊಯ್ದು ಕೂರಿಸಿದ.

ಸದಸ್ಯರೂ ಹಿಂಜರಿದರು. ಕೆಟ್ಟವರಲ್ಲ, ಆದರೆ ಚುನಾವಣೆ ಎಂದರೆ ಎಲ್ಲರೂ ಬೇಕು. ಈ ಸಲ ಬೇಡ, ಮುಂದೆ ನೋಡೋಣ ಎಂದು ಕಾಗದವನ್ನು ಬದಿಗಿಟ್ಟರು. ವಿಜಯಶ್ರೀ ಮರುದಿನ ಸಹಿಗೆ ಇಡುವ ಕಾಗದಗಳ ಕೊನೆಯಲ್ಲಿ ಅದನ್ನೇ ಇಟ್ಟರು. ಸದಸ್ಯರು ಬದಿಗಿಟ್ಟರು. ಇವರು ಮತ್ತೆ ಮರುದಿನ ಇಟ್ಟರು. ಪ್ರಶ್ನೆ ಕಳಿಸುವ ಗಡುವು ಹತ್ತಿರ ಬಂದಾಗ ಸದಸ್ಯರು ಆ ಹಾಳೆಯನ್ನು ಕೈಯಲ್ಲಿ ಹಿಡಿದು, ಆ ಹುಡುಗಿ ಎಷ್ಟನೆಯ ಇಯತ್ತೆ ಎಂದಿದ್ದಿರಿ ಎಂದು ಕೇಳಿದರು. ಐದನೆಯದು ಎಂದರು ವಿಜಯಶ್ರೀ. ಅವರು ಸಹಿ ಹಾಕಿದರು.

ಈ ಸಲ ಬಂದ ಉತ್ತರದಲ್ಲಿ 'ಉದ್ಭವಿಸುವುದಿಲ್ಲ' ಇರಲಿಲ್ಲ. ಸತ್ತವರು ಹನ್ನೊಂದು ಜನ, ಅವರಲ್ಲಿ ಏಳು ಮಕ್ಕಳು ಎಂದಿತ್ತು. ಹೆಸರುಗಳಿರಲಿಲ್ಲ. ವಿಜಯಶ್ರೀಗೆ ಗೊತ್ತಿದ್ದದ್ದು ಒಂದು ಮಗು. ಉಳಿದ ಆರು ಮನೆಗಳವರು ಯಾವ ಬೆಂಚಿಗೂ ಬಂದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಅವತ್ತು ವಿಜಯಶ್ರೀ ಊಟದ ಡಬ್ಬಿ ಬಿಚ್ಚಲಿಲ್ಲ.

ಒಂದೇ ಸರ್ಕಾರದ ಒಂದು ಖಾತೆ ಯಾರೂ ಸತ್ತಿಲ್ಲ ಎನ್ನುತ್ತದೆ, ಇನ್ನೊಂದು ಹನ್ನೊಂದು ಎನ್ನುತ್ತದೆ, ಯಾವುದು ನಿಜ ಎಂದು ಮೂರನೆಯ ಪ್ರಶ್ನೆ ಹೋಯಿತು. ಅದರ ಉತ್ತರ ಬರುವ ಮೊದಲೇ ಜೀಪು ಬಂತು, ಅಧಿಕಾರಿಗಳು ಅಳೆದರು, ಕಳೆದ ಬೇಸಿಗೆಯಲ್ಲಿ ಶಿವರಂಜನಿ ಮುಳುಗಿದ ಆ ಗಣಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದರು. ಮೂರು ಬದಿಗೆ ಮಾತ್ರ. ನಾಲ್ಕನೆಯದು ವಸ್ತಿಯ ಕಡೆಯದು, ಹೆಂಗಸರು ಬಟ್ಟೆ ಒಗೆಯುವುದು ಅಲ್ಲಿಯೇ. ಆ ಪಟ್ಟಿ ಜಾಗ ಯಾರದೆಂಬ ತಕರಾರು ಬಗೆಹರಿದಿಲ್ಲವಂತೆ. ಇದರ ಬಗ್ಗೆಯೂ ವಿಜಯಶ್ರೀ ಬರೆದರು. 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂದಿದೆ. ಮುಂದಿನ ಅಧಿವೇಶನಕ್ಕೆ ಮತ್ತೆ ಬರೆಯುತ್ತಿದ್ದಾರೆ. ಉಳಿದ ಗಣಿಗಳಿಗೆ ಇನ್ನೂ ಒಂದು ಕಂಬವೂ ಬಿದ್ದಿಲ್ಲ.

ಇದನ್ನು ಗೆಲುವು ಎನ್ನಬಹುದೇ ಎಂದು ಕೇಳಿದರೆ ಅವರು ಅಲ್ಲವೆಂದು ತಲೆಯಾಡಿಸುತ್ತಾರೆ. ಕಳೆದ ಭಾನುವಾರ ಅವರು ಆ ವಸ್ತಿಗೆ ಹೋಗಿದ್ದರು. ಮಳೆ ಚೆನ್ನಾಗಿ ಆಗಿದೆ, ಗಣಿ ತುಂಬಿದೆ. ತಂತಿಯಿಲ್ಲದ ಬದಿಯಲ್ಲಿ ಚಪ್ಪಡಿಯೊಂದರ ಮೇಲೆ ಭಾಗಮ್ಮ ಕುಳಿತಿದ್ದಳು. ಶಾಲೆಗೆ ರಜೆಯಿದ್ದ ದಿನ ಅವಳು ಕೂಲಿಗೆ ಹೋಗುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕುಳಿತು, ನೀರಿನ ಕಡೆ ಬರುವ ಮಕ್ಕಳನ್ನು ಅಟ್ಟುತ್ತಾಳೆ. ಮಕ್ಕಳು ಅವಳನ್ನು ಕಂಡರೆ ಹೆದರುತ್ತಾರೆ. ವಿಜಯಶ್ರೀ ಅವಳ ಪಕ್ಕದಲ್ಲಿ ಬಹಳ ಹೊತ್ತು ಕುಳಿತು ಬಂದರು.

'ನನಗೆ ದೊಡ್ಡ ಆಸೆ ಏನಿಲ್ರಿ,' ಎನ್ನುತ್ತಾರೆ ವಿಜಯಶ್ರೀ. 'ಆ ಒಂದು ಬದಿಗೆ ತಂತಿ ಬೀಳಬೇಕು. ಅಲ್ಲಿ ತನಕ ಭಾಗಮ್ಮ ಅಲ್ಲೇ ಕುಂದ್ರತಾಳ. ಆಕಿ ಎದ್ದು ಮನಿಗೆ ಹೋಗಬೇಕ್ರಿ.'