ಕುಣಿ ಬಿಟ್ಟು ಏಳದ ಪಾಂಡಪ್ಪ ಕಾಕಾ

ನನ್ನ ಅಕ್ಷರ ಸೊಟ್ಟ, ಮಾತೂ ಸಾಲದು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಓದುವವರು ಮನ್ನಿಸಬೇಕು. ಬೆಟಗೇರಿಯಲ್ಲಿ ಸಾವುಕಾರರ ಮಗ್ಗದಲ್ಲಿ ನೇಯುವ ಪಾಂಡಪ್ಪ ಕಾಕಾ ಅವರಿಗೆ ನಾನು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಡುತ್ತೇನೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅವರು ಏಳುವವರಲ್ಲ. ಚಹಾ ಅಲ್ಲಿಯೇ, ರೊಟ್ಟಿ ಅಲ್ಲಿಯೇ. ಅವರು ಹುಟ್ಟಿದ್ದೂ ಆ ಕುಣಿಯಲ್ಲೇ ಎಂದು ಓಣಿಯವರು ನಗುತ್ತಾರೆ. ಸಂಜೆ ಏಳುವಾಗ ಮೊಣಕಾಲಿಗೆ ಗುದ್ದಿ, “ಏಳಲೇ, ಇದು ನಿನ್ನ ಮಾವನ ಮನಿ ಅಲ್ಲ” ಎಂದು ಬೈಯುತ್ತಾರೆ. ತಾವು ಏಳಲು ಪಡುವ ಪಾಡನ್ನು ಸಾವುಕಾರರು ನೋಡಿಯಾರೆಂದು ಹೆದರಿ, ಸಾವುಕಾರರು ಬರುವ ಮೊದಲೇ ಕುಣಿಗೆ ಇಳಿದು, ಅವರು ಹೋದ ಮೇಲೇ ಏಳುತ್ತಾರೆ. ಇವತ್ತು ಕನ್ನಡ ನಾಡು ಒಂದಾಯಿತೆಂದು ಮಗ್ಗಗಳೆಲ್ಲ ನಿಂತು ಓಣಿಯೇ ಮೆರವಣಿಗೆಗೆ ಹೊರಟಿತು. “ಬೇರು ಬಿಟ್ಟೀಯೇನು ಪಾಂಡ್ಯಾ, ಬಾರಲೇ” ಎಂದು ನೆರೆಯ ಗೋವಿಂದಪ್ಪ ಕರೆದರು. “ಅಂಚು ಮುಗಿಸಿ ಬರ್ತೀನಿ, ನೀವು ನಡೀರಿ” ಎಂದರು ಕಾಕಾ. ಎಲ್ಲರೂ ಹೋದ ಮೇಲೆ ಕಂಡಿಕೆ ಕೊಡಲು ಬಗ್ಗಿದೆ. ಬಿದಿರಿನ ಸೀಳೊಂದು ಅವರ ಪಾದಕ್ಕೆ ನೆಟ್ಟು, ತುಳಿಯುವ ಹಲಗೆಯ ಮೇಲೆ ರಕ್ತ ಹರಿದಿತ್ತು. ಅವರು ತುಳಿಯುತ್ತಲೇ ಇದ್ದರು. “ಕಾಕಾ, ಕಾಲಾಗ ಸೀಳು ನೆಟ್ಟೈತಿ” ಎಂದೆ. “ಯಾವ ಕಾಲಾಗ?” ಎಂದು ಕೇಳಿದರು. ಅವರೂ ಬಗ್ಗಿ ನೋಡಿ ಸೀಳನ್ನು ಕಿತ್ತರು, ನೋವೇ ಆದಂತಿರಲಿಲ್ಲ. “ಸಾವ್ಕಾರ್ರಿಗೆ ಹೇಳಬ್ಯಾಡವ್ವಾ, ಮಗ್ಗ ಬ್ಯಾರೇದವರಿಗೆ ಕೊಡ್ತಾರ” ಎಂದರು. ನನಗೆ ಅವರ ಕಾಲಿನದೂ ಭಯ, ಮಗ್ಗದ್ದೂ ಭಯ. ನೇಯಲು ನನಗೆ ಅರ್ಧಮರ್ಧ ಬರುತ್ತದೆ. ನಾಳೆ ಅವರ ಹೆಂಡತಿ ಅನ್ನವ್ವನಿಗೆ ಹೇಳುತ್ತೇನೆ. ಅವರಿಬ್ಬರೂ ದವಾಖಾನೆಗೆ ಹೋದಾಗ ಕುಣಿಗೆ ನಾನೇ ಇಳಿಯುತ್ತೇನೆ.