ಓನರ್ ಅಂಕಲ್ ಸಾಕಿದ ಪ್ರಾಣಿಗಳು

ಮಾರತ್ತಹಳ್ಳಿಯಲ್ಲಿ ರಸ್ತೆ ದಾಟಲು ಮಕ್ಕಳು ಯಾರ ಕೈಯನ್ನೂ ಹಿಡಿಯಬೇಕಿಲ್ಲದ ದಿನಗಳವು. ವಿಮಾನಪುರದ ಹಿಂದಿನ ಓಣಿಯಲ್ಲಿ, ದೊಡ್ಡ ಮನೆಯೊಂದರ ಹಿತ್ತಿಲಿನ ಶೀಟಿನ ರೂಮಿನಲ್ಲಿ ನಾವು ಬಾಡಿಗೆಗಿದ್ದೆವು. ರಾಯಚೂರು ಕಡೆಯಿಂದ ಬಂದವರು; ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ರೂಮಿನ ಮೂಲೆಯಲ್ಲಿ ಊರಿನ ಜೋಳದ ಚೀಲ, ಅದರ ಮೇಲೆ ನಮ್ಮ ಬೆಕ್ಕು ಚಂದ್ರಿ. ಮೈಯೆಲ್ಲ ಕಪ್ಪು, ಹಣೆಯಲ್ಲೊಂದು ಬಿಳಿ ಮಚ್ಚೆ. ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಎದ್ದು ಮೈಮುರಿದು, ನನ್ನ ತಟ್ಟೆಯ ಹಾಲುರೊಟ್ಟಿಯಲ್ಲಿ ಪಾಲು ಕೇಳುತ್ತಿದ್ದಳು.

ದೊಡ್ಡ ಮನೆಯ ಯಜಮಾನರನ್ನು ನಾನು ಓನರ್ ಅಂಕಲ್ ಎನ್ನುತ್ತಿದ್ದೆ. ಪ್ರಪಂಚದಲ್ಲಿ ಏನು ನಡೆದರೂ ಅದು ತಮ್ಮ ಮನೆಯಲ್ಲೂ ನಡೆಯಬೇಕೆನ್ನುವ ಮನುಷ್ಯ. ಒಂದು ಭಾನುವಾರ ಪೇಪರು ಹಿಡಿದುಕೊಂಡೇ ಹಿತ್ತಿಲಿಗೆ ಬಂದರು.

"ನೋಡಮ್ಮ, ಅಮೇರಿಕಾ, ಲಂಡನ್ ಎಲ್ಲಾ ಕಡೆ ನಾಯಿನೇ ನಂಬರ್ ಒನ್. ಡೀಸೆಂಟ್ ಜನ ಸಾಕೋದೇ ನಾಯಿ. ನಮ್ಮನೆಗೂ ಪಾಮೇರಿಯನ್ ಬರ್ತಾ ಇದೆ. ನಿಮ್ಮ ಬೆಕ್ಕನ್ನ ಎಲ್ಲಾದ್ರೂ ಬಿಟ್ಬಿಡಿ."

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅದು ನಿಮಗೇನು ತ್ರಾಸ ಕೊಡ್ತದ್ರಿ ಸಾವ್ಕಾರ್ರ? ಬೆಕ್ಕಿಲ್ಲಂದ್ರ ಇಲಿ ನಮ್ಮ ಜ್ವಾಳ ಉಳಸಂಗಿಲ್ರಿ."

"ಬೆಕ್ಕೇ ಬೇಕು ಅಂದ್ರೆ ಬೇರೆ ರೂಮ್ ನೋಡ್ಕೊಳ್ಳಿ."

ಬಿಟ್ಟು ಬರುವ ಕೆಲಸಕ್ಕೂ ಅವರೇ ನಿಂತರು. ಚಂದ್ರಿಯನ್ನು ಗೋಣಿಚೀಲಕ್ಕೆ ತುಂಬಿ, ದಾರಿ ಗುರುತು ಸಿಗಬಾರದೆಂದು ಚೀಲವನ್ನು ಗರಗರ ತಿರುಗಿಸಿದರು. ಒಳಗಿನ ಕೂಗು ನಿಂತು ಚೀಲದಿಂದ ಉಚ್ಚೆ ಸೋರಿತು. ಅದನ್ನು ನೋಡಿ ಅಂಕಲ್ ನಕ್ಕರು. ಬಿಳಿ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ, ಮಾರತ್ತಹಳ್ಳಿಯ ಆಚೆ ಎಲ್ಲೋ ಸುರಿದು ಬಂದರು.

ಪಾಮೇರಿಯನ್ ಬಂತು, ಜಿಮ್ಮಿ ಎಂದು ಹೆಸರಾಯಿತು. ಅದಕ್ಕೆ ಸೇಬಿನ ಹೋಳು, ಕ್ರೀಮ್ ಬಿಸ್ಕತ್ತು, ಮೈಗೆಲ್ಲ ಪೌಡರು. ನೆಂಟರು ಬಂದರೆ ಶೇಕ್‌ಹ್ಯಾಂಡ್ ಕೊಡಿಸುವ ಪ್ರದರ್ಶನ ಬೇರೆ. ಪೌಡರಿನ ಘಮದ ಜೊತೆ ಒದ್ದೆ ನಾಯಿಯ ನಾತ ಸೇರಿ ನನಗೆ ವಾಕರಿಕೆ ಬರುತ್ತಿತ್ತು. ನಾನು ಕುಂಟೆಬಿಲ್ಲೆ ಆಡುವಾಗ ಜಿಮ್ಮಿ ಬಿಲ್ಲೆಯನ್ನೇ ಕಚ್ಚಿಕೊಂಡು ಓಡುತ್ತಿತ್ತು. ಬಾಯಿಗೆ ಬಂದಂತೆ ಬೈದರೂ ಬಾಲ ಅಲ್ಲಾಡಿಸಿ, ಜೊಲ್ಲು ಮೆತ್ತಿದ ಬಿಲ್ಲೆಯನ್ನು ತಂದು ನನ್ನ ಕಾಲ ಹತ್ತಿರವೇ ಇಡುತ್ತಿತ್ತು. ಅಂಥದರ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟ.

ಕೆಲವು ದಿನಗಳಲ್ಲಿ ಚಂದ್ರಿ ಹಿಂತಿರುಗಿದಳು. ಕಿವಿ ಹರಿದಿತ್ತು, ಒಂದು ಕಾಲು ಕುಂಟುತ್ತಿತ್ತು. ನಮ್ಮ ಮುಖವನ್ನೂ ನೋಡದೆ ಜೋಳದ ಚೀಲ ಹತ್ತಿ ಮಲಗಿಬಿಟ್ಟಳು. ಅವ್ವ ಬಾಗಿಲು ಮುಂದೆ ಮಾಡಿ ನನಗೆ ಹೇಳಿದಳು: "ಯಾರ ಮುಂದೂ ಹೇಳಬ್ಯಾಡ." ಹೇಳುತ್ತ ಕಣ್ಣೊರೆಸಿಕೊಂಡಳು.

ಮುಂದಿನ ಬೇಸಿಗೆಗೆ ದೊಡ್ಡ ಮನೆಗೆ ಇಂಟರ್‌ನೆಟ್ ಬಂತು. ಅಷ್ಟು ಹೊತ್ತಿಗೆ ಜಿಮ್ಮಿಗೆ ಚರ್ಮದ ಕಾಯಿಲೆಯಾಗಿ, ಬೆನ್ನಿನ ಕೂದಲು ಉದುರಿ ಗುಲಾಬಿ ಚರ್ಮ ಕಾಣುತ್ತಿತ್ತು. ನೆಂಟರ ಮುಂದೆ ಅದನ್ನು ಕರೆಯುವುದು ನಿಂತಿತ್ತು.

"ಪ್ರಪಂಚದಲ್ಲಿ ಈಗ ಬೆಕ್ಕೇ ಟಾಪ್ ಕಣಮ್ಮ. ಫ್ರಾನ್ಸಲ್ಲಂತೂ ನಾಯಿಗಿಂತ ಬೆಕ್ಕೇ ಜಾಸ್ತಿಯಂತೆ," ಎಂದು ಅಂಕಲ್ ಅವ್ವನಿಗೇ ಹೇಳಿದರು. ಚೀಲ ತಿರುಗಿಸಿದ ಮನುಷ್ಯನಿಗೆ ಒಂಚೂರೂ ನಾಚಿಕೆಯಾಗಲಿಲ್ಲ. ಶಿವಾಜಿನಗರದಿಂದ ಚಪ್ಪಟೆ ಮೂಗಿನ ಪರ್ಷಿಯನ್ ಬೆಕ್ಕೊಂದು ಬಂತು.

ಜಿಮ್ಮಿಗೆ ಚೀಲ ಬೇಕಾಗಲಿಲ್ಲ. ಕಾರಿನ ಬಾಗಿಲು ತೆರೆದ ಕೂಡಲೇ ತಾನಾಗಿಯೇ ಹಾರಿ ಸೀಟಿನ ಮೇಲೆ ಕುಳಿತು, ಕಿಟಕಿಯಿಂದ ನನ್ನನ್ನು ನೋಡಿ ಖುಷಿಯಲ್ಲಿ ಬೊಗಳಿತು. ಸುತ್ತಾಡಿಸಲು ಕರೆದುಕೊಂಡು ಹೋಗುತ್ತಿದ್ದಾರೆ ಎಂದುಕೊಂಡಿತ್ತು.

ಅದೇ ವಾರ ಅವ್ವನೂ ನಾನೂ ಕೆ.ಆರ್. ಪುರದ ಸಂತೆಗೆ ಹೋದಾಗ ರಸ್ತೆಯಂಚಿನಲ್ಲಿ ಜಿಮ್ಮಿ ಕಂಡಿತು. ಕೊಳೆತ ಸೊಪ್ಪು, ಕೋಳಿ ಪುಕ್ಕಗಳ ರಾಶಿಯ ಪಕ್ಕ ಕುಳಿತಿತ್ತು. ಬೆನ್ನಿನ ಹುಣ್ಣಿಗೆ ನೊಣ ಮುತ್ತಿದ್ದವು. "ಜಿಮ್ಮೀ" ಎಂದೆ. ಓಡಿ ಬಂದು ನನ್ನ ಕೈ ನೆಕ್ಕಿತು. ಅವ್ವ ಬುತ್ತಿಯ ರೊಟ್ಟಿ ಮುರಿದು ಹಾಕಿದಳು. ಮೂಸಿ ನೋಡಿ ಬಿಟ್ಟಿತು. ಎತ್ತಿಕೊಂಡರೆ ಒದ್ದಾಡಿ ಕೆಳಗೆ ಜಿಗಿದು, ಮತ್ತೆ ಅದೇ ಜಾಗಕ್ಕೆ ಹೋಗಿ ರಸ್ತೆ ನೋಡುತ್ತ ಕುಳಿತಿತು. ಬಿಳಿ ಕಾರು ಬಂದರೆ ಸಾಕು, ಅದರ ಹಿಂದೆ ಓಡುತ್ತಿತ್ತು.

ನಾನು ಅಳುತ್ತ ಮತ್ತೆ ಹಿಡಿಯಲು ಹೋದೆ. ಅವ್ವ ನನ್ನ ರಟ್ಟೆ ಹಿಡಿದಳು. "ಬರಂಗಿಲ್ಲ ಅದು. ನಾವು ಅದರ ಮಂದಿ ಅಲ್ಲವ್ವಾ."

ಮನೆಗೆ ಬಂದವಳೇ ಅಂಕಲ್ ಹತ್ತಿರ ಓಡಿದೆ. ಮೆಟ್ಟಿಲ ಮೇಲೆ ಕುಳಿತು ಪರ್ಷಿಯನ್ ಬೆಕ್ಕಿನ ಕೂದಲು ಬಾಚುತ್ತಿದ್ದರು.

"ಅಂಕಲ್, ಜಿಮ್ಮಿ ಸಂತೇಲಿದೆ. ನಿಮ್ಮನ್ನೇ ಕಾಯ್ತಾ ಇದೆ. ಕರ್ಕೊಂಡ್ಬನ್ನಿ."

"ಅಲ್ಲಿ ಕೋಳಿ ಅಂಗಡಿ ಬೇಕಾದಷ್ಟಿದೆ. ಆರಾಮಾಗಿರುತ್ತೆ ಬಿಡು," ಎಂದರು, ಬಾಚುವುದನ್ನು ನಿಲ್ಲಿಸದೆ.

ಯಾವತ್ತೂ ಅವರೆದುರು ದನಿಯೆತ್ತದ ಅವ್ವ ನನ್ನ ಹಿಂದೆಯೇ ಬಂದಿದ್ದವಳು, ಆ ಮೆಟ್ಟಿಲ ಪಕ್ಕದಲ್ಲೇ ಥೂ ಎಂದು ಉಗಿದಳು. ಆ ತಿಂಗಳೇ ರೂಮು ಬಿಟ್ಟೆವು. ಆಟೋದಲ್ಲಿ ಚಂದ್ರಿಯನ್ನು ನನ್ನ ಮಡಿಲಲ್ಲಿ, ದಾರಿ ಕಾಣುವ ಹಾಗೆ ಕೂರಿಸಿಕೊಂಡಿದ್ದೆ.

ಈಗ ಆ ಹಿತ್ತಿಲಿಲ್ಲ. ಅವ್ವನೂ ಇಲ್ಲ, ಚಂದ್ರಿಯೂ ಇಲ್ಲ. ನನ್ನ ಅಡುಗೆಮನೆಗೆ ಜೋಳದ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಕಾಯಲು ಬೆಕ್ಕು ಬೇಕಾಗುವುದಿಲ್ಲ. ಆಫೀಸಿನ ಹುಡುಗಿಯರು ಫೋನಿನಲ್ಲಿ ಬಣ್ಣದ ಭೂಪಟ ತೋರಿಸುತ್ತಾರೆ: ನಾಯಿ ಮೆಚ್ಚುವ ದೇಶಕ್ಕೊಂದು ಬಣ್ಣ, ಬೆಕ್ಕು ಮೆಚ್ಚುವ ದೇಶಕ್ಕೊಂದು. "ಮೇಡಂ, ನೀವು ಯಾವ ಕಡೆ?" ಎಂದು ಕೇಳುತ್ತಾರೆ. ನನಗೆ ಕಾಣುವುದು ಕೆ.ಆರ್. ಪುರದ ಆ ರಸ್ತೆ. ಎಷ್ಟು ಬಿಳಿ ಕಾರುಗಳು ನಿಲ್ಲದೆ ಹೋದವೋ, ಜಿಮ್ಮಿ ಪ್ರತಿಯೊಂದರ ಹಿಂದೆಯೂ ಬಾಲ ಅಲ್ಲಾಡಿಸಿಕೊಂಡೇ ಓಡಿತು.