ಬೇಳೆ ಬೇಯದ ನೀರಿನ ಮೀನುಗಳು

ಪುಣೆಯ ಧಾನೋರಿಯಲ್ಲಿ ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ನೀರನ್ನು ಹೊಗಳಿದವನು ಒಬ್ಬನೇ, ಕೆಳಗಿನ ಮನೆಯ ಫಕೀರಣ್ಣ. ಆ ನೀರಿನಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ, ನಲ್ಲಿಯ ಬಾಯಿಗೆ ಬೆಳ್ಳಗೆ ಸುಣ್ಣ ಕಟ್ಟುತ್ತಿತ್ತು. ನಾವೆಲ್ಲ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತು ಬಿಲ್ಡರನಿಗೆ ಹಿಡಿಶಾಪ ಹಾಕುತ್ತಿದ್ದರೆ ಈ ಮನುಷ್ಯ ಬಾಗಿಲಲ್ಲಿ ನಿಂತು, "ನೀರು ಭಾಳ ಛಲೋ ಅದರಿ, ನಮ್ಮ ಮೀನಿಗೆ ಹೇಳಿ ಮಾಡಿಸಿದಂಗ ಅದ" ಎನ್ನುತ್ತಿದ್ದ. ಕೊಡ ಹೊತ್ತವರಿಗೆ ಮೈ ಉರಿಯದೆ ಇರುತ್ತದೆಯೇ?

ಫಕೀರಣ್ಣ ಗದಗಿನ ಕಡೆಯವನು, ಚಾಕಣದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕ್ಲರ್ಕ್. ಇಡೀ ದಿನ ನಟ್ಟು ಬೋಲ್ಟುಗಳ ನಡುವೆ ಇದ್ದು ಬಂದವನಿಗೆ ಸಂಜೆ ಕಣ್ಣಿಗೆ ಒಂದಿಷ್ಟು ಬಣ್ಣ ಬೇಕೆನಿಸುತ್ತಿತ್ತಂತೆ. ತೊಂಬತ್ತೊಂಬತ್ತರ ದೀಪಾವಳಿಗೆ ಉಳಿದವರು ಮಿಕ್ಸರು, ಕಲರ್ ಟಿವಿ ತಂದರೆ ಇವನು ಗಾಜಿನ ತೊಟ್ಟಿ ತಂದ. ಮನೆಯ ನೀರು ಎಂಥದ್ದು ಎಂದು ಕ್ಯಾಂಪ್ ಪೇಟೆಯ ಸಾಕುಮೀನಿನ ಅಂಗಡಿಯವನು ಕೇಳಿದ್ದಕ್ಕೆ, ಬೇಳೆ ಬೇಯುವುದಿಲ್ಲ ಎಂದು ನಿಜ ಹೇಳಿದನಂತೆ. ಅಂಗಡಿಯವನಿಗೆ ಅದೇ ಬೇಕಿತ್ತು. ಆಫ್ರಿಕಾದ ಸರೋವರದ ಸಿಕ್ಲಿಡ್ ಎಂಬ ಮೀನಿಗೆ ಇಂಥ ಗಡಸು ನೀರೇ ಆಗಬೇಕು ಎಂದು ನೀಲಿ, ಹಳದಿ ಮರಿಗಳನ್ನು ತೋರಿಸಿದ. ಫಕೀರಣ್ಣ ಅಲ್ಲೇ ಮರುಳಾದ.

ಮನೆಯಲ್ಲಿ ಹೆಂಡತಿ ಗೌರಾಬಾಯಿ, ನಮ್ಮೆಲ್ಲರ ಗೌರಕ್ಕ, ಬಾಗಿಲಿಗೆ ಅಡ್ಡ ನಿಂತಳು. ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ಅದು.

"ಮೀನು? ನಮ್ಮ ಮನ್ಯಾಗ?"

"ಏ, ಇವು ಪೂರಾ ಶಾಕಾಹಾರಿ ಅವ. ಅಂಗಡಿಯಾಂವ ಆಣಿ ಮಾಡಿ ಹೇಳ್ಯಾನ."

ಆ ಒಂದು ಮಾತಿಗೆ ತೊಟ್ಟಿ ಒಳಗೆ ಬಂತು. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ, ಕಿಟಕಿಯ ಹತ್ತಿರ ಇಡಬೇಡ ಎಂದು ಅಂಗಡಿಯವನು ಹೇಳಿದ್ದರಿಂದ ಹಾಲಿನ ಒಳಮೂಲೆಯಲ್ಲಿ ಇಟ್ಟರು. ಪ್ರತಿವರ್ಷ ಗಣಪತಿ ಕೂಡುತ್ತಿದ್ದದ್ದು ಅದೇ ಮೂಲೆಯಲ್ಲಿ. ದೀಪಾವಳಿಯ ಗದ್ದಲದಲ್ಲಿ ಅದು ಯಾರಿಗೂ ನೆನಪಾಗಲಿಲ್ಲ.

ಗೌರಕ್ಕನ ಮನೆಗೆ ಹೋಗಿ ಉಣ್ಣದೆ ಎದ್ದುಬಂದವರನ್ನು ನಾನು ನೋಡಿಲ್ಲ. ಉಂಡು ಬಂದಿದ್ದೇವೆ ಎಂದರೂ ಒಂದು ರೊಟ್ಟಿ ತಾಟಿಗೆ ಬೀಳುತ್ತಿತ್ತು. ಮೀನಿಗೂ ಅದೇ ಮರ್ಯಾದೆ. ಶಾಕಾಹಾರ ಎಂದರೆ ಆಕೆಗೆ ಜೋಳದ ರೊಟ್ಟಿ, ಮತ್ತೇನು? ಬಂದವರೆಲ್ಲ ಉಂಡು, ಕೊನೆಯ ತುಣುಕನ್ನು ಪುಡಿ ಮಾಡಿ ತೊಟ್ಟಿಗೆ ಹಾಕಿ ಏಳುವುದು ರೂಢಿಯಾಯಿತು. ಮೀನುಗಳು ಹೊಟ್ಟೆ ಬಿಟ್ಟುಕೊಂಡು ಮದುವೆ ಮನೆಯ ಬೀಗರಂತೆ ಓಡಾಡಿಕೊಂಡಿದ್ದವು.

ಬಿಸಿಲು ಬೀಳದಿದ್ದರೂ ರೊಟ್ಟಿಯ ಪುಡಿ ಕೊಳೆತು ಯುಗಾದಿಯ ಹೊತ್ತಿಗೆ ಗಾಜೆಲ್ಲ ಪಾಚಿ ಕಟ್ಟಿ ಹಸಿರಾಯಿತು. ತಿಕ್ಕಿದ ಗಾಜು ವಾರದೊಳಗೆ ಮತ್ತೆ ಹಸಿರು. ಗೌರಕ್ಕ ಒಂದು ದಿನ ನನ್ನೆದುರೇ ಗಂಡನಿಗೆ ಹೇಳಿದಳು: "ನೋಡ್ರಿ, ಗಣಪತಿ ಕೂಡೂದರೊಳಗ ಈ ಗಾಜು ಕನ್ನಡಿ ಆಗಬೇಕು. ಇಲ್ಲಾಂದ್ರ ತೊಟ್ಟಿ ಹೊಳ್ಳಿ ಅಂಗಡಿಗೆ ಹೋಗಬೇಕು. ದೇವರ ಮಗ್ಗಲಕ್ಕ ಹೊಲಸು ಇಟ್ಟು ಆರತಿ ಮಾಡಾಕ ನನ್ನ ಕಡೆ ಆಗೂದಿಲ್ಲ." ಫಕೀರಣ್ಣನ ಮುಖ ಇಳಿದುಹೋಯಿತು. ನನಗೇ ಪಾಪ ಅನ್ನಿಸಿತು.

ಆಮೇಲೆ ಪಾಚಿ ತಿನ್ನುವ ಮೀನಿನ ಹುಡುಕಾಟ ಶುರುವಾಯಿತು. ಮಗಳಿಗೆ ಗಂಡು ಹುಡುಕುವವರೂ ಅಷ್ಟು ವಿಚಾರಿಸಲಿಕ್ಕಿಲ್ಲ. ಭಾನುವಾರ ಬಂದರೆ ಸಾಕು, ಕ್ಯಾಂಪಿಗೆ ಹೊರಡುತ್ತಿದ್ದ. ಬೆರಳುದ್ದವೂ ಇಲ್ಲದ ಒಂದು ಜಾತಿಯನ್ನು ಅಂಗಡಿಯವನೇ ಬೇಡವೆಂದ. ಅದಕ್ಕೆ ಮೆದು ನೀರು ಬೇಕಂತೆ, ಮೇಲಾಗಿ ಸಿಕ್ಲಿಡ್‌ಗಳು ಅದನ್ನು ಬದುಕಗೊಡುವುದಿಲ್ಲವಂತೆ. ಮೊದಲು ಬಂದದ್ದು ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಕರಿಯ ಸಕರ್ ಮೀನು. ಅದಕ್ಕೆ ನಮ್ಮ ನೀರು ಒಗ್ಗಿತು, ನಾಲ್ಕು ದಿನ ನಿಯತ್ತಿನಿಂದ ದುಡಿಯಿತು. ಆಮೇಲೆ ರೊಟ್ಟಿಯ ರುಚಿ ಹತ್ತಿತು ನೋಡಿ, ಪಾಚಿಯ ಕಡೆ ತಿರುಗಿಯೂ ನೋಡಲಿಲ್ಲ. ಗೌರಕ್ಕನ ಕೈಯೂಟ ಉಂಡು ಕೆಲಸ ಮಾಡಿದವರು ಯಾರಿದ್ದಾರೆ? ಎರಡನೆಯದು ಬಂಗಾರದ ಬಣ್ಣದ್ದು, ನೋಡಲು ಭಾರಿ ಚೆಂದ. ಅದು ಗಾಜು ಬಿಟ್ಟು ನೀಲಿ ಮೀನಿನ ಪಕ್ಕೆಗೇ ಬಾಯಿ ಹಾಕತೊಡಗಿತು. ಉಂಡ ಮನೆಯ ಜಂತೆ ಎಣಿಸುವ ಜಾತಿ. ಅದನ್ನು ಮರುದಿನವೇ ಅಂಗಡಿಗೆ ಮುಟ್ಟಿಸಿ ಬಂದ.

ಅಷ್ಟರಲ್ಲಿ ಶ್ರಾವಣ ಬಂತು. ಕಾರ್ಖಾನೆಯವರು ಫಕೀರಣ್ಣನನ್ನು ರಾಂಜಣಗಾಂವದ ಹೊಸ ಗೋದಾಮಿಗೆ ಒಂದು ವಾರ ಕಳಿಸಿದರು. ಮೀನಿಗೆ ಎರಡೂ ಹೊತ್ತು ಹಾಕು ಎಂದು ಹೆಂಡತಿಗೆ ಸಾರಿ ಸಾರಿ ಹೇಳಿ ಹೋದ. ಆದರೆ ಶ್ರಾವಣದಲ್ಲಿ ಗೌರಕ್ಕನದು ಒಪ್ಪತ್ತು, ಒಂದೇ ಹೊತ್ತು ಊಟ. ಸೋಮವಾರ ಪೂರ್ತಿ ಉಪವಾಸ, ಸಾಬುದಾಣಿ ಖಿಚಡಿಯ ಫಳಾರ ಅಷ್ಟೇ.

"ಮನೀ ಮಂದಿ ಒಪ್ಪತ್ತು ಮಾಡೂವಾಗ ಇವಕ್ಕ್ಯಾಕ ಎರಡು ಹೊತ್ತು? ಇವೂ ಇದ ಮನೀವಲ್ಲೇನು?" ಎಂದು ಮೀನುಗಳಿಗೂ ವ್ರತ ಹಿಡಿಸಿಬಿಟ್ಟಳು.

ಆ ವಾರದ ಕೊನೆಗೆ ಆಕೆ ನನ್ನನ್ನು ಕೂಗಿ ಕರೆದಳು. ಮೀನುಗಳೆಲ್ಲ ಗಾಜಿಗೆ, ಕಲ್ಲಿಗೆ ಬಾಯಿ ಹಚ್ಚಿ ಟಕಟಕ ಕುಟುಕುತ್ತಿದ್ದವು. ಗೌರಕ್ಕನ ಕಣ್ಣಲ್ಲಿ ನೀರು. "ಹಸಿವಿಗೆ ಗಾಜು ಕಡಿಯಾಕ ಹತ್ಯಾವ ನೋಡವ್ವಾ. ಪಾಪ ತಟ್ಟತದ ನನಗ" ಎಂದು ರೊಟ್ಟಿಯ ಬುಟ್ಟಿಗೆ ಕೈ ಹಾಕಿದಳು. ನಾನು ಬಗ್ಗಿ ನೋಡಿದೆ. ಬಾಯಿ ತಾಗಿದಲ್ಲೆಲ್ಲ ಹಸಿರು ಹೋಗಿ ಆಚೆಯ ಗೋಡೆ ಕಾಣುತ್ತಿತ್ತು. ಆಕೆಯ ಕೈ ಹಿಡಿದು ತೋರಿಸಿದೆ. ರೊಟ್ಟಿ ಬುಟ್ಟಿಗೆ ವಾಪಸ್ಸಾಯಿತು.

ಫಕೀರಣ್ಣ ಬಂದವನೇ ಹೊಟ್ಟೆ ಇಳಿದ ಮೀನುಗಳನ್ನು ನೋಡಿ ಸಿಟ್ಟಾದ. "ನನ್ನ ಮೀನುಗಳ್ನ ಉಪಾಸ ಕೆಡವೀದೇನ?"

"ಎಲ್ಲೀ ಉಪಾಸರಿ? ಮುಂಜಾನಿಂದ ಫಳಾರ ನಡದದ. ಏಕಾದಶಿ ಅನ್ ದುಪ್ಪಟ್ ಖಾಶಿ."

ಉಪವಾಸದ ದಿನವೇ ಎರಡು ಪಟ್ಟು ತಿನ್ನುವವರಿಗೆ ಪುಣೆಯವರು ಹೇಳುವ ಮಾತು ಅದು. ಫಕೀರಣ್ಣ ತೊಟ್ಟಿಯ ಮುಂದೆ ನೆಲದ ಮೇಲೆ ಕೂತು ನಗತೊಡಗಿದ. ನಗು ನಿಲ್ಲಲಿಲ್ಲ, ನಮಗೂ ಹತ್ತಿತು. ಆ ವರ್ಷದಲ್ಲಿ ನಾನು ಅಷ್ಟು ನಕ್ಕದ್ದು ಅದೊಂದೇ ದಿನ. ಕಲ್ಲಿನ ಪಾಚಿ ತಿಂದೇ ಇವು ಸರೋವರದಲ್ಲಿ ಬದುಕುವುದು, ಶಾಕಾಹಾರಿ ಎಂದು ಹೇಳಿದ್ದೆನಲ್ಲ ಕಾಕಾ ಎಂದು ಅಂಗಡಿಯವನು ಮುಂದಿನ ಭಾನುವಾರ ಹೇಳಿದನಂತೆ. ಊರೆಲ್ಲ ಹುಡುಕಿದ ಮೀನು ಮೊದಲಿನಿಂದ ಮನೆಯಲ್ಲೇ ಇತ್ತು, ನಾವು ಅದರ ಹೊಟ್ಟೆ ಖಾಲಿ ಬಿಟ್ಟಿರಲಿಲ್ಲ.

ಅಂದಿನಿಂದ ಬಂದವರು ತೊಟ್ಟಿಯ ಕಡೆ ರೊಟ್ಟಿ ಚಾಚಿದರೆ ಗೌರಕ್ಕ, "ಬ್ಯಾಡ್ರಿ, ಅವಕ್ಕ ಒಪ್ಪತ್ತು ಅದ" ಎನ್ನುತ್ತಿದ್ದಳು. ಸಕರ್ ಮಹಾಶಯನೂ ಹಸಿವು ತಾಳದೆ ಕೆಲಸಕ್ಕೆ ಮರಳಿದ. ಶ್ರಾವಣ ಮುಗಿಯುವಷ್ಟರಲ್ಲಿ ಗಾಜು ತಿಳಿಯಾಯಿತು, ಹಿಂದಿನ ಒಂದು ಮೂಲೆ ಮಾತ್ರ ಹಸಿರಾಗಿ ಉಳಿಯಿತು.

ಚವತಿಯ ಹಿಂದಿನ ದಿನ ಕಡುಬಿಗೆ ಕೈ ಹಚ್ಚಲು ನಾನು ಕೆಳಗೆ ಹೋದೆ. ಫಕೀರಣ್ಣ ಸಪ್ಪೆ ಮುಖ ಮಾಡಿಕೊಂಡು ತೊಟ್ಟಿಯ ನೀರನ್ನು ಬಕೇಟಿಗೆ ತುಂಬುತ್ತಿದ್ದ. ಗಾಜು ತಿಳಿಯಾದರೂ ಮೂಲೆ ಗಣಪತಿಯದೇ ತಾನೇ? ಎರಡಕ್ಕೂ ಅಲ್ಲಿ ಜಾಗ ಸಾಲುತ್ತಿರಲಿಲ್ಲ. ತೊಟ್ಟಿಯನ್ನು ಕಿಟಕಿಯ ಕೆಳಗೆ ಸರಿಸದೆ ಬೇರೆ ದಾರಿ ಇರಲಿಲ್ಲ, ಅಲ್ಲಿಟ್ಟರೆ ಮತ್ತೆ ಪಾಚಿ.

ಗೌರಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಗಂಡನನ್ನೊಮ್ಮೆ ನೋಡಿದಳು, ಬಕೇಟನ್ನೊಮ್ಮೆ ನೋಡಿದಳು. ಗಣಪತಿಯ ಮಣೆಯನ್ನು ಎತ್ತಿ ಕಿಟಕಿಯ ಕೆಳಗೆ ಇಟ್ಟಳು.

"ಅಲ್ಲಿ ಬಿಸಲು ಬೀಳತದಲ್ಲ?" ಎಂದ ಫಕೀರಣ್ಣ.

"ಬೀಳ್ಲಿ ಬಿಡ್ರಿ. ಗಣಪತಿಗೇನು ಪಾಚಿ ಕಟ್ಟೂದಿಲ್ಲ."